ಒಂದು ಮುಚ್ಚಳ, ಒಂದು ಕಟ್ಟೆ, ಒಂದು ಚಿಲಕ: ಬಡವರ ಮನೆಗಳಲ್ಲಿ ಮಕ್ಕಳ ಅವಘಡ ತಡೆಯುವ ಬಗೆ

2024ರ ಏಪ್ರಿಲ್ ಮೊದಲ ವಾರ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣ ಗ್ರಾಮದಲ್ಲಿ ತೆರೆದ ಕೊಳವೆ ಬಾವಿಗೆ ಪುಟ್ಟ ಮಗುವೊಂದು ಬಿದ್ದಿತ್ತು. ರಕ್ಷಣಾ ಸಿಬ್ಬಂದಿ ಸುಮಾರು 20 ಗಂಟೆಗಳ ಸತತ ಕಾರ್ಯಾಚರಣೆಯ ನಂತರ ಅದನ್ನು ಜೀವಂತವಾಗಿ ಮೇಲೆತ್ತಿದಾಗ ಇಡೀ ರಾಜ್ಯ ನೆಮ್ಮದಿಯ ಉಸಿರು ಬಿಟ್ಟಿತು. ಟಿ.ವಿ. ವಾಹಿನಿಗಳು ರಾತ್ರಿಯಿಡೀ ನೇರ ಪ್ರಸಾರ ಮಾಡಿದವು, ದೇವಸ್ಥಾನಗಳಲ್ಲಿ ಪೂಜೆಗಳು ನಡೆದವು.

ಬಚ್ಚಲಿನ ಬಕೆಟ್ಟಿಗೆ ತಲೆಕೆಳಗಾಗಿ ಬಿದ್ದ ಮಗುವಿಗೆ 20 ಗಂಟೆಗಳ ಕಾಲಾವಕಾಶವಿರುವುದಿಲ್ಲ. ನಾಲ್ಕೈದು ನಿಮಿಷ, ಅಷ್ಟೆ. ಅಲ್ಲಿಗೆ ಕ್ಯಾಮೆರಾಗಳೂ ಬರುವುದಿಲ್ಲ. ಮರುದಿನದ ಪತ್ರಿಕೆಯ ಒಳಪುಟದಲ್ಲಿ ‘ಆಕಸ್ಮಿಕ ಸಾವು’ ಎಂಬ ನಾಲ್ಕು ಸಾಲಿನ ಸುದ್ದಿಯಾಗಿ ಅದು ಮುಗಿದುಹೋಗುತ್ತದೆ. ಆ ನಾಲ್ಕು ಸಾಲುಗಳನ್ನು ಬರೆಯುವವರು ನಮ್ಮಂಥ ವರದಿಗಾರರೇ ಆದ್ದರಿಂದ, ‘ಆಕಸ್ಮಿಕ’ ಎಂಬ ಪದದ ಕುರಿತೇ ಮೊದಲು ಯೋಚಿಸಬೇಕಾಗಿದೆ. ಒಂದೇ ವಯಸ್ಸಿನ ಮಕ್ಕಳಿಗೆ, ಒಂದೇ ಬಗೆಯ ಮನೆಗಳಲ್ಲಿ, ಒಂದೇ ಬಗೆಯ ವಸ್ತುಗಳಿಂದ ಮತ್ತೆ ಮತ್ತೆ ಆಗುವುದನ್ನು ಆಕಸ್ಮಿಕ ಎಂದು ಕರೆಯುವುದು ಎಷ್ಟು ಸರಿ?

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಜಂಟಿಯಾಗಿ ಮಕ್ಕಳ ಗಾಯ ತಡೆ ಕುರಿತ ಮೊದಲ ಜಾಗತಿಕ ವರದಿಯನ್ನು 2008ರ ಡಿಸೆಂಬರ್‌ನಲ್ಲಿ ಪ್ರಕಟಿಸಿದವು. ಉದ್ದೇಶಪೂರ್ವಕವಲ್ಲದ ಗಾಯಗಳಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 8.3 ಲಕ್ಷ ಮಕ್ಕಳು, ಅಂದರೆ ದಿನಕ್ಕೆ 2,000ಕ್ಕೂ ಹೆಚ್ಚು ಮಕ್ಕಳು ಸಾಯುತ್ತಿದ್ದಾರೆ ಎಂದು ಆ ವರದಿ ತಿಳಿಸಿತ್ತು. ರಸ್ತೆ ಅಪಘಾತದ ನಂತರದ ಸ್ಥಾನಗಳಲ್ಲಿ ನೀರಿನಲ್ಲಿ ಮುಳುಗುವುದು, ಬೆಂಕಿಯಿಂದಾಗುವ ಸುಟ್ಟಗಾಯ, ಬೀಳುವುದು ಮತ್ತು ವಿಷ ಸೇವನೆ ಇದ್ದವು. ಈ ಸಾವುಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಸಂಭವಿಸುತ್ತಿದ್ದುದು ಬಡ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿ. ಬಳಿಕ ಪರಿಸ್ಥಿತಿ ಕೊಂಚ ಸುಧಾರಿಸಿದೆ. ನೀರಿನಲ್ಲಿ ಮುಳುಗಿ ಸಾಯುವವರ ಪ್ರಮಾಣ 2000ನೇ ಇಸವಿಗೆ ಹೋಲಿಸಿದರೆ ಶೇ 38ರಷ್ಟು ಇಳಿದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿ ಹೇಳುತ್ತದೆ. ಆದರೂ 2021ರಲ್ಲಿ ಹೀಗೆ ಸತ್ತ ಸುಮಾರು 3 ಲಕ್ಷ ಜನರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು.

ಒಂದೇ ಕೋಣೆಯ ಸಂಸಾರ

ಅವಘಡ ಶ್ರೀಮಂತರ ಮನೆಯಲ್ಲೂ ನಡೆಯುತ್ತದೆ. ಆದರೆ ಅಲ್ಲಿ ಅಡುಗೆಮನೆಗೆ ಬಾಗಿಲಿದೆ, ಬಚ್ಚಲಿಗೆ ಚಿಲಕವಿದೆ, ಔಷಧಿಗೆ ಎತ್ತರದ ಕಪಾಟಿದೆ. ಬೆಂಗಳೂರಿನ ವಠಾರದ ಶೀಟಿನ ಮನೆಯಲ್ಲಿ ಇವೆಲ್ಲವೂ ಒಂದೇ ಕೋಣೆಯಲ್ಲಿ ಸೇರಿಕೊಂಡಿರುತ್ತವೆ. ಒಂದು ಮೂಲೆಯಲ್ಲಿ ಒಲೆ, ಇನ್ನೊಂದು ಮೂಲೆಯಲ್ಲಿ ನೀರಿನ ಡ್ರಮ್, ಮಂಚದಡಿಯಲ್ಲಿ ಫಿನಾಯಿಲ್ ಬಾಟಲಿ, ನಡುವೆ ಅಂಬೆಗಾಲಿಡುವ ಮಗು. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ನೀಲಿ ಟಾರ್ಪಾಲಿನ ಶೆಡ್ಡುಗಳಲ್ಲಿ ಬೀಡುಬಿಟ್ಟಿರುವ ಕುಟುಂಬಗಳಿಗೆ ಆ ಒಂದು ಕೋಣೆಯೂ ಇಲ್ಲ.

ಅಪಾಯದ ಸ್ವರೂಪ ಮಗುವಿನ ವಯಸ್ಸಿನೊಂದಿಗೆ ಬದಲಾಗುತ್ತದೆ. ಎಂಟೊಂಬತ್ತು ತಿಂಗಳಿಗೆ ಮಗು ತೆವಳಿ ಒಲೆಯ ಬಳಿ ಹೋಗುತ್ತದೆ, ಕೈಗೆ ಸಿಕ್ಕಿದ್ದನ್ನು ಬಾಯಿಗಿಡುತ್ತದೆ. ವರ್ಷ ತುಂಬುವ ಹೊತ್ತಿಗೆ ಎದ್ದು ನಿಂತು ಪಾತ್ರೆಯ ಅಂಚು ಹಿಡಿದು ಎಳೆಯುತ್ತದೆ. ಎರಡನೆಯ ವರ್ಷದಲ್ಲಿ ಏಣಿ, ಮೆಟ್ಟಿಲು, ಕಿಟಕಿ ಯಾವುದನ್ನೂ ಬಿಡುವುದಿಲ್ಲ. ಈ ವಯಸ್ಸಿನಲ್ಲಿ ದೇಹಕ್ಕೆ ಹೋಲಿಸಿದರೆ ತಲೆಯೇ ಭಾರ. ಆದ್ದರಿಂದಲೇ ಬಕೆಟ್ಟಿನೊಳಗೆ ಬಗ್ಗಿದ ಮಗು ಮಗುಚಿಕೊಂಡರೆ ತಾನಾಗಿ ಎದ್ದು ಬರಲಾರದು. ಮುಳುಗಲು ಆಳದ ನೀರೇ ಬೇಕಿಲ್ಲ, ಮೂಗು ಮತ್ತು ಬಾಯಿ ಮುಚ್ಚುವಷ್ಟು, ಅಂದರೆ ಐದು ಸೆಂಟಿಮೀಟರ್ ನೀರು ಸಾಕು. ಮುಳುಗುವ ಮಗು ಕೂಗುವುದೂ ಇಲ್ಲ. ಪಕ್ಕದಲ್ಲೇ ಪಾತ್ರೆ ತೊಳೆಯುತ್ತಿರುವ ತಾಯಿಗೆ ಸದ್ದು ಕೇಳಿಸದೇ ಹೋಗುವುದು ಹೀಗೆ.

ಬೆಂಕಿಗಿಂತ ಬಿಸಿನೀರು

ಸುಟ್ಟಗಾಯ ಎಂದೊಡನೆ ಬೆಂಕಿಯ ಚಿತ್ರ ಕಣ್ಣಮುಂದೆ ಬರುತ್ತದೆ. ಎಳೆಯ ಮಕ್ಕಳ ವಿಷಯದಲ್ಲಿ ದೊಡ್ಡ ಶತ್ರು ಬಿಸಿ ದ್ರವ: ಸ್ನಾನದ ನೀರು, ಸಾರು, ಚಹಾ, ಬಸಿದ ಗಂಜಿ. ದೊಡ್ಡವರ ಚರ್ಮವನ್ನು 60 ಡಿಗ್ರಿ ಸೆಲ್ಸಿಯಸ್ ನೀರು ಐದಾರು ಸೆಕೆಂಡುಗಳಲ್ಲಿ ಆಳವಾಗಿ ಸುಡಬಲ್ಲದು. ಮಗುವಿನ ತೆಳು ಚರ್ಮಕ್ಕೆ ಅಷ್ಟೂ ಹೊತ್ತು ಬೇಕಿಲ್ಲ. ಒಲೆಯಿಂದ ಇಳಿಸಿದ ಹಂಡೆಯ ನೀರು ಅದಕ್ಕಿಂತ ಎಷ್ಟೋ ಬಿಸಿಯಾಗಿರುತ್ತದೆ.

ಗ್ಯಾಸ್ ಸಂಪರ್ಕ ಈಗ ಬಡವರ ಮನೆಗಳನ್ನೂ ತಲುಪಿದೆ. ಉಜ್ವಲಾ ಯೋಜನೆ 2016ರಲ್ಲಿ ಆರಂಭವಾದ ಬಳಿಕ ಹೊಗೆ ಕಡಿಮೆಯಾಯಿತು, ನಿಜ. ಆದರೆ ಒಲೆ ಮೇಲೇರಿತೆಂದು ಹೇಳಲಾಗದು. ಕಟ್ಟೆಯಿಲ್ಲದ ಮನೆಯಲ್ಲಿ ಗ್ಯಾಸ್ ಒಲೆಯೂ ನೆಲದ ಮೇಲೆಯೇ ಕೂರುತ್ತದೆ. ಸಿಲಿಂಡರ್ ಮುಗಿಯಬಾರದೆಂದು ಸ್ನಾನದ ನೀರನ್ನು ಹೊರಗೆ ಮೂರು ಕಲ್ಲಿನ ಒಲೆಯಲ್ಲಿ, ಕಟ್ಟಡದ ಮುರುಕು ಹಲಗೆ ಉರಿಸಿ ಕಾಯಿಸುವುದು ಮುಂದುವರಿದಿದೆ. ವಿದ್ಯುತ್ ಇರುವ ಕಡೆ ಪ್ಲಾಸ್ಟಿಕ್ ಬಕೆಟ್ಟಿಗೆ ಕಾಯಿಲ್ ಇಳಿಬಿಟ್ಟು ನೀರು ಕಾಯಿಸುತ್ತಾರೆ. ಇದರಲ್ಲಿ ಸುಡುವ ಅಪಾಯದ ಜೊತೆಗೆ ಶಾಕ್ ಹೊಡೆಯುವ ಅಪಾಯವೂ ಇದೆ. ಮನೆಯ ಮೀಟರ್ ಬಳಿ 30 ಮಿಲಿ ಆಂಪಿಯರ್‌ನ ಸೋರಿಕೆ ತಡೆ ಸ್ವಿಚ್ ಅಳವಡಿಸಿದ್ದರೆ ಕರೆಂಟು ಕ್ಷಣಾರ್ಧದಲ್ಲಿ ಕಡಿತವಾಗುತ್ತದೆ. ಅದನ್ನು ಹಾಕಿಸಬೇಕಾದವನು ಮನೆ ಮಾಲೀಕ, ಬಾಡಿಗೆದಾರನಲ್ಲ.

ಇಲ್ಲಿ ಹೆಚ್ಚು ಖರ್ಚಿಲ್ಲದ ಪರಿಹಾರಗಳಿವೆ. ಒಲೆಯನ್ನು ಇಟ್ಟಿಗೆ ಮತ್ತು ಕಡಪ ಕಲ್ಲಿನ ಎರಡೂವರೆ ಅಡಿ ಕಟ್ಟೆಯ ಮೇಲೇರಿಸುವುದು ಮೊದಲನೆಯದು. ಅದು ಆಗದಿದ್ದರೆ ಒಲೆಯ ಮೂಲೆಗೆ ಅಡ್ಡಲಾಗಿ ಹಲಗೆಯನ್ನಾದರೂ ಕಟ್ಟಬಹುದು. ಸ್ನಾನದ ಬಕೆಟ್ಟಿಗೆ ಮೊದಲು ತಣ್ಣೀರು ಹಾಕಿ ನಂತರ ಬಿಸಿನೀರು ಬೆರೆಸುವುದಕ್ಕೆ ಒಂದು ಪೈಸೆಯೂ ಬೇಡ. ಹೆಚ್ಚಿನ ಮನೆಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ: ಕುದಿಯುವ ನೀರು ಮೊದಲು ಬಕೆಟ್ಟಿಗೆ ಬೀಳುತ್ತದೆ, ತಣ್ಣೀರು ತರಲು ತಾಯಿ ನಲ್ಲಿಯ ಕಡೆ ತಿರುಗುತ್ತಾಳೆ, ಮಗು ಆ ಅರೆಗಳಿಗೆಯಲ್ಲಿ ಕೈಯಿಡುತ್ತದೆ.

ಸುಟ್ಟ ಮೇಲೆ ಮಾಡಬೇಕಾದುದನ್ನೂ ಇಲ್ಲಿಯೇ ಹೇಳಿಬಿಡುವುದು ಉಚಿತ. ಗಾಯವನ್ನು 20 ನಿಮಿಷಗಳ ಕಾಲ ಹರಿಯುವ ತಣ್ಣೀರಿನಡಿ ಹಿಡಿಯಬೇಕು. ನಲ್ಲಿಯಿಲ್ಲದಿದ್ದರೆ ತಂಬಿಗೆಯಿಂದ ಸತತವಾಗಿ ನೀರು ಸುರಿಯಬೇಕು. ಬಳೆ, ಕಾಲ್ಗೆಜ್ಜೆ, ಉಡಿದಾರಗಳನ್ನು ಊತ ಬರುವ ಮುನ್ನವೇ ತೆಗೆಯಬೇಕು. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಕೀಳಬಾರದು, ಮಂಜುಗಡ್ಡೆ ಇಡಬಾರದು. ಟೂತ್‌ಪೇಸ್ಟ್, ಶಾಯಿ, ಅರಿಸಿನ, ಕೊಬ್ಬರಿ ಎಣ್ಣೆ, ದೋಸೆ ಹಿಟ್ಟು ಹೀಗೆ ನಮ್ಮಲ್ಲಿ ಮನೆಗೊಂದು ಮದ್ದು. ಇವುಗಳಿಂದ ಗಾಯದೊಳಗಿನ ಶಾಖ ಇಳಿಯುವುದಿಲ್ಲ, ಸೋಂಕಿನ ಅಪಾಯ ಮಾತ್ರ ಹೆಚ್ಚುತ್ತದೆ. ಗಾಯ ಎಷ್ಟು ಆಳವಾಗಿದೆ ಎಂದು ನೋಡಲು ವೈದ್ಯರು ಅದನ್ನೆಲ್ಲ ತೊಳೆದು ತೆಗೆಯಬೇಕಾಗುತ್ತದೆ, ಆ ನೋವನ್ನು ಮಗು ಎರಡನೇ ಬಾರಿ ಅನುಭವಿಸಬೇಕಾಗುತ್ತದೆ. ಸ್ವಚ್ಛವಾದ ಬಟ್ಟೆ ಹೊದಿಸಿ ಆಸ್ಪತ್ರೆಗೆ ಒಯ್ಯುವುದಷ್ಟೇ ಸಾಕು.

ಹಳೆಯ ಬಾಟಲಿಯ ಹೊಸ ವಿಷ

ಪಡಿತರ ಸೀಮೆಎಣ್ಣೆಯ ಕಾಲದಲ್ಲಿ ಅದನ್ನು ಕುಡಿದ ಮಕ್ಕಳು ಸರ್ಕಾರಿ ಆಸ್ಪತ್ರೆಗಳ ಮಕ್ಕಳ ವಾರ್ಡುಗಳಿಗೆ ಹೊಸಬರಾಗಿರಲಿಲ್ಲ. ಸೀಮೆಎಣ್ಣೆ ಕಡಿಮೆಯಾದ ಮೇಲೆ ಅದರ ಜಾಗಕ್ಕೆ ಬೇರೆ ವಸ್ತುಗಳು ಬಂದಿವೆ. ನಗರದ ಬೀದಿಗಳಲ್ಲಿ ಗಾಡಿಯವರು ಮಾರುವ ಫಿನಾಯಿಲ್ ಮತ್ತು ಶೌಚಾಲಯ ತೊಳೆಯುವ ಆಸಿಡ್ ತುಂಬಿರುವುದು ತಂಪು ಪಾನೀಯದ ಅಥವಾ ನೀರಿನ ಹಳೆಯ ಬಾಟಲಿಯಲ್ಲಿ. ಪೇಂಟ್ ಕೆಲಸದವರು ಮನೆಗೆ ತರುವ ಥಿನ್ನರ್ ಕೂಡ ಹಾಗೆಯೇ. ಓದಲು ಬಾರದ ಮಗುವಿಗೆ ಬಾಟಲಿಯ ಆಕಾರವೇ ಗುರುತು. ಆ ಆಕಾರ ಅದಕ್ಕೆ ಹೇಳುವುದು ‘ಕುಡಿ’ ಎಂದು.

ಇದಕ್ಕೆ ದಕ್ಷಿಣ ಆಫ್ರಿಕಾದಲ್ಲೊಂದು ಉತ್ತರ ಸಿಕ್ಕಿತು. ಅಲ್ಲಿನ ಬಡ ಕುಟುಂಬಗಳೂ ಸೀಮೆಎಣ್ಣೆಯನ್ನು ಪಾನೀಯದ ಬಾಟಲಿಗಳಲ್ಲಿಯೇ ಇಡುತ್ತಿದ್ದವು. ಗ್ರಾಮೀಣ ಪ್ರದೇಶವೊಂದರಲ್ಲಿ ಮಕ್ಕಳಿಗೆ ಸುಲಭವಾಗಿ ತೆರೆಯಲಾಗದ ಮುಚ್ಚಳವಿರುವ ಡಬ್ಬಿಗಳನ್ನು ಸುಮಾರು 20,000 ಸಂಖ್ಯೆಯಲ್ಲಿ ಉಚಿತವಾಗಿ ಹಂಚಲಾಯಿತು. ಸೀಮೆಎಣ್ಣೆ ಕುಡಿದ ಪ್ರಕರಣಗಳ ಪ್ರಮಾಣ ಅಲ್ಲಿ ಶೇ 47ರಷ್ಟು ಇಳಿಯಿತು. ಈ ಅಧ್ಯಯನ 1994ರಲ್ಲಿ ಅಲ್ಲಿನ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ತಾಯಂದಿರು ಹೆಚ್ಚು ಎಚ್ಚರಗೊಂಡರೆಂದಲ್ಲ, ಮುಚ್ಚಳ ಬದಲಾಯಿತು. ಒತ್ತಿ ತಿರುಗಿಸಿದರಷ್ಟೇ ತೆರೆಯುವ ಅಂಥ ಮುಚ್ಚಳ ನಮ್ಮಲ್ಲಿ ಕೆಲವು ಕಂಪೆನಿಗಳ ಔಷಧ ಬಾಟಲಿಗಳಲ್ಲಿ ಕಾಣಸಿಗುತ್ತದೆ. ಗಾಡಿಯ ಆಸಿಡ್ ಬಾಟಲಿಯಲ್ಲಿ ಕಾಣುವುದಿಲ್ಲ.

ಸೀಮೆಎಣ್ಣೆ, ಥಿನ್ನರ್, ಆಸಿಡ್ ಕುಡಿದ ಮಗುವಿಗೆ ಉಪ್ಪುನೀರು ಅಥವಾ ಸೋಪಿನ ನೀರು ಕುಡಿಸಿ ವಾಂತಿ ಮಾಡಿಸುವ ರೂಢಿ ಅಪಾಯಕಾರಿ. ಸೀಮೆಎಣ್ಣೆಯಂಥ ತೆಳು ಎಣ್ಣೆ ಹೊಟ್ಟೆಯಲ್ಲಿ ಮಾಡುವುದಕ್ಕಿಂತ ಹೆಚ್ಚಿನ ಹಾನಿಯನ್ನು ಶ್ವಾಸಕೋಶದಲ್ಲಿ ಮಾಡುತ್ತದೆ, ವಾಂತಿಯ ವೇಳೆ ಅದು ಅಲ್ಲಿಗೇ ಇಳಿಯುತ್ತದೆ. ಆಸಿಡ್ ಅನ್ನನಾಳವನ್ನು ಕೆಳಗಿಳಿಯುವಾಗ ಒಮ್ಮೆ, ಮೇಲೆ ಬರುವಾಗ ಇನ್ನೊಮ್ಮೆ ಸುಡುತ್ತದೆ. ಬಾಟಲಿಯನ್ನು ಜೊತೆಗೊಯ್ದು ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಆಟಿಕೆ ಮತ್ತು ರಿಮೋಟ್‌ಗಳ ಗುಂಡಿ ಬ್ಯಾಟರಿ ನುಂಗಿದರೂ ಹಾಗೆಯೇ, ತಡಮಾಡುವಂತಿಲ್ಲ. ಅನ್ನನಾಳದಲ್ಲಿ ಸಿಕ್ಕಿಕೊಂಡ ಗುಂಡಿ ಬ್ಯಾಟರಿ ಎರಡು ಗಂಟೆಯೊಳಗೇ ಆಳವಾದ ಗಾಯ ಮಾಡಬಲ್ಲದು.

ಕಡಲೆಕಾಯಿ ಬೀಜ, ಹುರಿಗಡಲೆ, ನಾಣ್ಯಗಳು ಉಸಿರುನಾಳದಲ್ಲಿ ಸಿಕ್ಕಿಕೊಳ್ಳುವುದು ಇನ್ನೊಂದು ಅಪಾಯ. ಐದು ವರ್ಷದೊಳಗಿನ ಮಕ್ಕಳಿಗೆ ಇಡಿಯ ಬೀಜಗಳನ್ನು ಕೊಡದಿರುವುದೇ ಕ್ಷೇಮ. ಸೀರೆಯ ಜೋಲಿ ಎಳೆಗೂಸಿಗೆ ಹಿತವೇ, ಆದರೆ ಅದರ ಬಳಿ ದೊಡ್ಡ ಮಕ್ಕಳು ಸೀರೆ ಸುತ್ತಿಕೊಂಡು ಆಡಿದಾಗ ಕುತ್ತಿಗೆಗೆ ಬಿಗಿದು ಪ್ರಾಣ ಹೋದ ನಿದರ್ಶನಗಳಿವೆ. ಮಗು ಎದ್ದ ಕೂಡಲೇ ಜೋಲಿಯನ್ನು ಬಿಚ್ಚಿ ಮೇಲೆ ಕಟ್ಟಿಬಿಡಬೇಕು.

ನೀರು ಬಾರದ ಊರಿನಲ್ಲಿ ನೀರಿನ ಅಪಾಯ

ದಿನ ಬಿಟ್ಟು ದಿನ ನಲ್ಲಿಯಲ್ಲಿ ನೀರು ಬರುವ ಬಡಾವಣೆಯಲ್ಲಿ ನೀರು ತುಂಬಿಡದೆ ಬದುಕಲಾಗದು. ‘ಬಕೆಟ್ ಖಾಲಿ ಇಡಿ’ ಎಂದು ಪಾಶ್ಚಾತ್ಯ ಕೈಪಿಡಿಗಳು ಹೇಳುವ ಉಪದೇಶ ಇಲ್ಲಿ ಅನ್ವಯಿಸದಿರುವುದು ಈ ಕಾರಣಕ್ಕಾಗಿ. ಇಲ್ಲಿ ಬೇಕಿರುವುದು ತಿರುಪಿನ ಮುಚ್ಚಳದ ಡ್ರಮ್ಮು. ತಟ್ಟೆ ಅಥವಾ ಹಲಗೆ ಮುಚ್ಚಿಟ್ಟರೆ ಎರಡು ವರ್ಷದ ಮಗು ಅದನ್ನು ಸುಲಭವಾಗಿ ಸರಿಸುತ್ತದೆ.

ಸಂಪ್‌ಗಳದ್ದು ಇನ್ನೂ ಕೆಟ್ಟ ಕಥೆ. ನಿರ್ಮಾಣ ಹಂತದ ಕಟ್ಟಡದಲ್ಲಿ ಮೊದಲು ಸಿದ್ಧವಾಗುವುದು ಸಂಪ್, ಕೊನೆಗೆ ಬರುವುದು ಅದರ ಕಬ್ಬಿಣದ ಮುಚ್ಚಳ. ಈ ಎರಡರ ನಡುವಿನ ತಿಂಗಳುಗಟ್ಟಲೆ ಅವಧಿಯಲ್ಲಿ ಅದೇ ನಿವೇಶನದಲ್ಲಿ ಕಾವಲುಗಾರನ ಸಂಸಾರ ವಾಸವಿರುತ್ತದೆ. ಆ ಮಕ್ಕಳಿಗೆ ಅದೇ ಅಂಗಳ, ಅದೇ ಆಟದ ಬಯಲು. ಲಚ್ಯಾಣದಂಥ ಪ್ರಕರಣಗಳು ನಡೆದಾಗಲೆಲ್ಲ ತೆರೆದ ಕೊಳವೆ ಬಾವಿಗಳನ್ನು ಮುಚ್ಚಿಸಲು ಜಿಲ್ಲಾಡಳಿತಗಳು ಆದೇಶ ಹೊರಡಿಸುತ್ತವೆ. ಕಟ್ಟಡ ಪರವಾನಗಿ ಕೊಡುವ ನಗರಪಾಲಿಕೆಯೂ ಅಡಿಪಾಯದ ತಪಾಸಣೆಯ ಹಂತದಲ್ಲಿಯೇ ಸಂಪ್‌ಗೆ ಬೀಗವಿರುವ ಮುಚ್ಚಳವನ್ನು ಷರತ್ತಾಗಿಸಿದರೆ ತಪ್ಪೇನು?

ಬೀಳುವುದಕ್ಕೆ ಕಾನೂನು

ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಪ್ರದೇಶದ ಬಡವರ ಬಹುಮಹಡಿ ಮನೆಗಳಲ್ಲಿ 1970ರ ದಶಕದ ಆರಂಭದಲ್ಲಿ ಮಕ್ಕಳು ಕಿಟಕಿಯಿಂದ ಬೀಳುವುದು ಬೇಸಿಗೆಯ ನಿತ್ಯದ ಸುದ್ದಿಯಾಗಿತ್ತು. ಅಲ್ಲಿನ ಆರೋಗ್ಯ ಇಲಾಖೆ 1972ರಲ್ಲಿ ‘ಮಕ್ಕಳಿಗೆ ಹಾರಲು ಬಾರದು’ ಎಂಬ ಅರ್ಥದ ಹೆಸರಿಟ್ಟು ಒಂದು ಕಾರ್ಯಕ್ರಮ ಆರಂಭಿಸಿತು. ಪೋಷಕರಿಗೆ ತಿಳಿವಳಿಕೆ ನೀಡುವುದರ ಜೊತೆಗೆ ಕಿಟಕಿಗೆ ಹಾಕುವ ಕಬ್ಬಿಣದ ಸರಳುಗಳನ್ನು ಉಚಿತವಾಗಿ ಕೊಟ್ಟಿತು. ಬ್ರಾಂಕ್ಸ್‌ನಲ್ಲಿ ಬೀಳುವ ಪ್ರಕರಣಗಳು ಅರ್ಧಕ್ಕಿಳಿದವು. ಇದರ ಫಲವಾಗಿ 1976ರಲ್ಲಿ ನಿಯಮವೇ ಬಂತು: ಹತ್ತು ವರ್ಷ ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳಿರುವ ಬಾಡಿಗೆ ಮನೆಗೆ ಮಾಲೀಕನೇ ಸರಳು ಹಾಕಿಸಬೇಕು.

ನಮ್ಮ ಹಳೆಯ ಮನೆಗಳ ಕಿಟಕಿಗಳಿಗೆ ಕಳ್ಳರ ಭಯದಿಂದಲಾದರೂ ಸರಳುಗಳಿವೆ. ನಮ್ಮ ಸಮಸ್ಯೆ ಮಹಡಿಯದು. ಬಟ್ಟೆ ಒಣಹಾಕುವುದು, ಹಪ್ಪಳ ಒಣಗಿಸುವುದು, ಗಾಳಿಪಟ ಹಾರಿಸುವುದು ಎಲ್ಲವೂ ಅಲ್ಲಿಯೇ. ರಾಷ್ಟ್ರೀಯ ಕಟ್ಟಡ ಸಂಹಿತೆ ಮಹಡಿಯ ಅಂಚಿಗೆ ಕನಿಷ್ಠ ಒಂದು ಮೀಟರ್ ಎತ್ತರದ ಗೋಡೆ ಇರಬೇಕೆನ್ನುತ್ತದೆ. ಮುಂದೊಂದು ದಿನ ಇನ್ನೊಂದು ಅಂತಸ್ತು ಎಬ್ಬಿಸುವ ಆಸೆಯಿಂದ ಕಂಬದ ಸರಳುಗಳನ್ನು ಹಾಗೆಯೇ ಬಿಟ್ಟ ಬಾಡಿಗೆ ಕಟ್ಟಡಗಳಲ್ಲಿ ಆ ಗೋಡೆ ಇರುವುದೇ ಇಲ್ಲ. ಮೆಟ್ಟಿಲಿನ ಕಂಬಿಗಳ ನಡುವಿನ ಅಂತರವೂ ಮುಖ್ಯ. ಅದು ಹತ್ತು ಸೆಂಟಿಮೀಟರ್ ಮೀರಿದರೆ ಎಳೆಯ ಮಗುವಿನ ದೇಹ ನುಸುಳಬಲ್ಲದು.

ಬುದ್ಧಿಮಾತಿನ ಮಿತಿ

ಅಮೆರಿಕದ ವೈದ್ಯ ವಿಲಿಯಂ ಹ್ಯಾಡನ್ 1960–70ರ ದಶಕಗಳಲ್ಲಿ ಗಾಯ ತಡೆಯ ವಿಜ್ಞಾನಕ್ಕೆ ಹೊಸ ದಿಕ್ಕು ತೋರಿಸಿದರು. ಮನುಷ್ಯನ ಎಚ್ಚರವನ್ನೇ ನೆಚ್ಚಿ ಕೂರುವ ಬದಲು ವಸ್ತುವನ್ನೂ ಪರಿಸರವನ್ನೂ ಬದಲಿಸಬೇಕೆಂಬುದು ಅವರ ವಾದದ ತಿರುಳು. ಶ್ರೀಲಂಕಾದ ಶಸ್ತ್ರವೈದ್ಯ ವಿಜಯ ಗೋಡಕುಂಬುರ ಮಾಡಿದ್ದು ಇದನ್ನೇ. ಹಳೆಯ ಬಾಟಲಿಗೆ ಬತ್ತಿ ಹಾಕಿ ಮಾಡಿದ ಸೀಮೆಎಣ್ಣೆ ಬುಡ್ಡಿಗಳು ಉರುಳಿ ಸುಟ್ಟವರಿಗೆ ಚಿಕಿತ್ಸೆ ನೀಡಿ ಬೇಸತ್ತ ಅವರು, ಗಿಡ್ಡನೆಯ, ಭಾರವಾದ, ಎರಡು ಬದಿ ಚಪ್ಪಟೆಯಾಗಿರುವ, ತಿರುಪಿನ ಮುಚ್ಚಳದ ಗಾಜಿನ ದೀಪವೊಂದನ್ನು ರೂಪಿಸಿದರು. ಅದು ಸುಲಭವಾಗಿ ಉರುಳದು, ಉರುಳಿದರೂ ಹೊರಳದು, ಎಣ್ಣೆ ಚೆಲ್ಲದು. 1998ರಲ್ಲಿ ಅವರಿಗೆ ರೋಲೆಕ್ಸ್ ಪ್ರಶಸ್ತಿ ಸಂದಿತು.

ಹಾಗೆಂದು ತಿಳಿವಳಿಕೆ ನಿರರ್ಥಕವೆಂದು ಹೇಳಲಾಗದು. ಅದನ್ನು ಹೇಗೆ ಕೊಡುತ್ತೇವೆ ಎಂಬುದು ಪ್ರಶ್ನೆ. ಕರಾಚಿಯ ಬಡ ಬಡಾವಣೆಗಳಲ್ಲಿ ನಡೆದ, 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಎರಡು ವಿಧಾನಗಳನ್ನು ಹೋಲಿಸಿತು: ಕೆಲವು ಮನೆಗಳಿಗೆ ಕರಪತ್ರ ಕೊಡಲಾಯಿತು, ಉಳಿದವುಗಳಲ್ಲಿ ಕಾರ್ಯಕರ್ತರು ಒಳಗೆ ಕುಳಿತು ಮನೆಯವರಿಗೆ ವಿವರಿಸಿದರು. ಬೀಳುವ ಹಾಗೂ ವಿಷ ನುಂಗುವ ಅಪಾಯಗಳು ಹೆಚ್ಚು ತಗ್ಗಿದ್ದು ಎರಡನೆಯ ಗುಂಪಿನಲ್ಲಿ.

ಮಗುವನ್ನು ನೋಡಿಕೊಳ್ಳುವವರು ಯಾರು?

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ತಾಯಿ ಗಾರ್ಮೆಂಟ್ಸ್‌ಗೋ ಮನೆಗೆಲಸಕ್ಕೋ ಹೋದಾಗ ಎರಡು ವರ್ಷದ ಮಗುವನ್ನು ಕಾಯುವವಳು ಏಳೆಂಟು ವರ್ಷದ ಅಕ್ಕ. ಅವಳೂ ಮಗುವೇ. ಅವಘಡವಾದಾಗ ಊರು ತಾಯಿಯನ್ನು ಬಯ್ಯುತ್ತದೆ, ತಾಯಿ ಆ ಅಕ್ಕನನ್ನು ಬಯ್ಯುತ್ತಾಳೆ.

ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ್ದು ಬಾಂಗ್ಲಾದೇಶ. ಅಲ್ಲಿನ ಹಳ್ಳಿಗಳಲ್ಲಿ ಮನೆಯ ಹಿಂದೆಯೇ ಕೆರೆಕುಂಟೆಗಳು. ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ, ತಾಯಂದಿರು ಕೆಲಸದಲ್ಲಿ ಮುಳುಗಿರುವ ಹೊತ್ತಿನಲ್ಲಿ, ಊರಿನ ಮಹಿಳೆಯೊಬ್ಬರ ಮನೆಯಲ್ಲಿಯೇ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ‘ಆಂಚಲ್’ ಎಂಬ ಕೇಂದ್ರಗಳನ್ನು ತೆರೆಯಲಾಯಿತು. ಅಲ್ಲಿಗೆ ಬಂದ ಮಕ್ಕಳಲ್ಲಿ ಮುಳುಗಿ ಸಾಯುವ ಪ್ರಮಾಣ ಶೇ 80ಕ್ಕೂ ಹೆಚ್ಚು ಇಳಿಯಿತೆಂದು 2012ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಇಂಥ 8,000 ಕೇಂದ್ರಗಳ ಯೋಜನೆಗೆ ಅಲ್ಲಿನ ಸರ್ಕಾರ 2022ರಲ್ಲಿ ಒಪ್ಪಿಗೆ ನೀಡಿತು.

ಕರ್ನಾಟಕ ಸರ್ಕಾರ 2023–24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಪ್ರಕಟಿಸಿತು. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ರೂಪಿಸಿದ ಯೋಜನೆಯಿದು, ಹೀಗಾಗಿ ನಗರಕ್ಕೆ ಸಂಬಂಧಿಸಿದ್ದಲ್ಲ. ನಗರದಲ್ಲಿ ಅಂಗನವಾಡಿಗಳಿವೆ. ಆದರೆ ಅಲ್ಲಿ ದಿನದ ಹೊತ್ತು ಕೂರಿಸಿಕೊಳ್ಳುವುದು ಮೂರು ದಾಟಿದ ಮಕ್ಕಳನ್ನು. ಮನೆಯೊಳಗಿನ ಅಪಾಯ ಅತಿ ಹೆಚ್ಚಾಗಿರುವುದು ಅದಕ್ಕಿಂತ ಎಳೆಯರಿಗೆ. 30ಕ್ಕಿಂತ ಹೆಚ್ಚು ಮಹಿಳೆಯರಿರುವ ಕಾರ್ಖಾನೆಯಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೂ, 50ಕ್ಕಿಂತ ಹೆಚ್ಚು ಮಹಿಳೆಯರಿರುವ ನಿರ್ಮಾಣ ಸ್ಥಳದಲ್ಲಿ ಇರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೂ ವಿಧಿಸಿದ್ದವು. ಐದಾರು ದಂಪತಿ ದುಡಿಯುವ ಸಣ್ಣ ಕಟ್ಟಡ ಈ ಲೆಕ್ಕದೊಳಗೆ ಎಂದೂ ಬರಲಿಲ್ಲ. ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುವ ಹೆಂಗಸಿಗಂತೂ ಯಾವ ಕಾಯ್ದೆಯ ಸಂಖ್ಯೆಯೂ ಅನ್ವಯಿಸಲಿಲ್ಲ.

ಹೊಸದಾಗಿ ಏನನ್ನೂ ಕಟ್ಟದೆ ಆರಂಭಿಸಬಹುದಾದ ಕೆಲಸವೊಂದಿದೆ. ಕೇಂದ್ರ ಆರೋಗ್ಯ ಇಲಾಖೆ 2018ರಲ್ಲಿ ಆರಂಭಿಸಿದ ಎಳೆಮಕ್ಕಳ ಗೃಹ ಆರೈಕೆ ಕಾರ್ಯಕ್ರಮದಂತೆ ಆಶಾ ಕಾರ್ಯಕರ್ತೆಯರು ಮಗುವಿನ 3, 6, 9, 12 ಮತ್ತು 15ನೇ ತಿಂಗಳಲ್ಲಿ ಮನೆಗೆ ಭೇಟಿ ನೀಡಬೇಕು. ಆಹಾರ, ಲಸಿಕೆ, ಬೆಳವಣಿಗೆ ವಿಚಾರಿಸುವುದು ಆ ಭೇಟಿಯ ಮುಖ್ಯ ಉದ್ದೇಶ. 9ನೇ ತಿಂಗಳೆಂದರೆ ಮಗು ತೆವಳುವ ಕಾಲ, 12 ಮತ್ತು 15 ಎಂದರೆ ನಿಂತು ನಡೆಯುವ ಕಾಲ. ಅದೇ ಭೇಟಿಯಲ್ಲಿ ಒಲೆ ಎಲ್ಲಿದೆ, ಡ್ರಮ್ಮಿಗೆ ಮುಚ್ಚಳವಿದೆಯೇ, ಫಿನಾಯಿಲ್ ಯಾವ ಬಾಟಲಿಯಲ್ಲಿದೆ, ವಠಾರದ ಸಂಪ್‌ಗೆ ಬೀಗವಿದೆಯೇ, ಮಧ್ಯಾಹ್ನ ಮಗುವಿನ ಬಳಿ ಯಾರಿರುತ್ತಾರೆ ಎಂದು ನೋಡಿ ಬರೆದುಕೊಳ್ಳಲು ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ. ಆ ಹತ್ತು ನಿಮಿಷಕ್ಕೆ ಆಶಾಗೆ ಪ್ರತ್ಯೇಕ ಗೌರವಧನ ಕೊಡಬೇಕು, ಬರೆದುಕೊಂಡ ಪಟ್ಟಿ ಆರೋಗ್ಯ ಇಲಾಖೆಯಲ್ಲಿಯೇ ಉಳಿಯದೆ ನಗರಪಾಲಿಕೆಯ ವಾರ್ಡ್ ಎಂಜಿನಿಯರ್ ಮೇಜಿಗೂ ತಲುಪಬೇಕು.